ಆರಾಮಿಲ್ಲ

ಚರಿತ್ರೆ ಮೂರನೆಯ ಪುಟದಲ್ಲಿ ನಿಂತುಬಿಟ್ಟಿತ್ತು. ಈಚೆಗೆ ಮುಚ್ಚಿದ ಜಗಲಿ ರೇಡಿಯೋದ ಇಪ್ಪತ್ತು ವರ್ಷವನ್ನು ಐದು ಪುಟದಲ್ಲಿ ಬರೆದುಕೊಡಿ ಎಂದು ಲಂಡನ್ನಿನ ಕನ್ನಡ ಕೂಟದ ಕಾರ್ಯದರ್ಶಿ ಶ್ರೀವಿದ್ಯಾ ಕೇಳಿ ಆರು ವಾರ ಕಳೆದಿತ್ತು. ನಾಳೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೌನ್ಸಿಲ್ ಲೈಬ್ರರಿಯವರು ಹಳೆಯ ರೆಕಾರ್ಡಿಂಗುಗಳ ಪೆಟ್ಟಿಗೆಯನ್ನೂ ಅದರ ಜೊತೆ ಈ ಬರಹವನ್ನೂ ಒಯ್ಯುವವರಿದ್ದರು. ಗಣಪಯ್ಯ ಕಾಫಿ ಕುಡಿದ ಲೋಟವನ್ನು ಪಕ್ಕಕ್ಕೆ ಸರಿಸುವ ಮನಸ್ಸೂ ಇಲ್ಲದೆ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ೨೦೧೧ ಎಂದು ಟೈಪು ಮಾಡಿ ಅಳಿಸಿ ಮತ್ತೆ ಟೈಪು ಮಾಡುತ್ತಿದ್ದ. ಫೋನು ಗುರ್ರೆಂದಿತು. ಶ್ರೀವಿದ್ಯಾಳೇ. ಅಂಕಲ್, ಮೈಲಿಗಲ್ಲುಗಳು ಬರಲಿ, ಸ್ವಲ್ಪ ಪಾಸಿಟಿವ್ ಆಗಿರಲಿ, ಹನ್ನೆರಡಕ್ಕೆ ಕಿಂಗ್ಸ್‌ಬರಿಯ ಮೀಟಿಂಗಿಗೆ ಪ್ರಿಂಟ್ ತನ್ನಿ ಎಂದು ಬರೆದು, ಕೊನೆಗೆ ಎರಡು ಮುಗಿದ ಕೈಗಳ ಚಿತ್ರ ಹಾಕಿದ್ದಳು. ಆ ಮುಗಿದ ಕೈಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಇಪ್ಪತ್ತು ವರ್ಷ ಭಾನುವಾರ ಭಾನುವಾರ ಎದ್ದು ಹೋಗಿ, ಗುಜರಾತಿಯವರ ಗಂಟೆಗೂ ತಮಿಳರ ಗಂಟೆಗೂ ನಡುವೆ ಸಿಕ್ಕ ಒಂದು ಗಂಟೆಯಲ್ಲಿ ಗಂಟಲು ಹರಿದುಕೊಂಡವನು ಅವನು. ಮೈಲಿಗಲ್ಲು ಎಣಿಸುವವಳು, ಆಗಿನ್ನೂ ಬೆಂಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದವಳು.

ಬರೆದಷ್ಟನ್ನು ಮತ್ತೆ ಓದಿದ. ೨೦೦೪ರಲ್ಲಿ ಲಂಡನ್ನಿನ ಎಲ್ಲ ಭಾಗದ ಕನ್ನಡಿಗರು ಒಮ್ಮನಸ್ಸಿನಿಂದ ಈ ಬಾನುಲಿಯನ್ನು ಕಟ್ಟಿದರು. ಒಮ್ಮನಸ್ಸಂತೆ. ಹೆಸರಿಡುವುದಕ್ಕೇ ಮೂರು ಮೀಟಿಂಗು ಬೇಕಾಗಿತ್ತು. ಮೊದಲನೆಯದರಲ್ಲಿ ಗಣಪಯ್ಯನೇ ಎದ್ದುನಿಂತು ಚಾವಡಿ ಎಂದು ಇಡೋಣ ಎಂದಿದ್ದ. ಕುಂದಾಪುರದ ಕಡೆ ಚಾವಡಿಯೆಂದರೆ ಮನೆಯ ಮುಂದಿನ ಅಂಗಳಕ್ಕೆ ತೆರೆದ ಹಜಾರ, ಬಂದವರು ಕೂತು ಮಾತಾಡುವ ಜಾಗ. ಅವನು ಅದನ್ನು ವಿವರಿಸುವ ಮೊದಲೇ ಧಾರವಾಡ, ಬೆಳಗಾವಿಯವರು ಕೂತ ಸಾಲಿನಿಂದ ನಗೆ ಎದ್ದಿತ್ತು. ಅವರ ಚಾವಡಿಯಲ್ಲಿ ಕೂರುವವನು ಶಾನುಭೋಗ. ಕಂದಾಯ ಕಟ್ಟಾಕ ಹೋಗೂದೇನ್ರೀ ರೇಡಿಯೋಕ್ಕ ಎಂದು ಯಾರೋ ಕೇಳಿದ್ದರು. ನಕ್ಕವರಲ್ಲಿ ಕ್ರೋಯ್ಡನ್ನಿನಿಂದ ಬಂದ ದಾನಪ್ಪ ಇದ್ದನೋ ಇಲ್ಲವೋ ಗಣಪಯ್ಯನಿಗೆ ನೆನಪಿಲ್ಲ. ಇದ್ದ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ, ಇದ್ದಿದ್ದರೆ ಲೆಕ್ಕ ಸರಿಹೋಗುತ್ತದೆ ಎಂಬಂತೆ. ಕೊನೆಗೆ ಯಾರ ಮನೆಯದೂ ಪೂರ್ತಿ ಅಲ್ಲದ ಜಗಲಿ ಗೆದ್ದಿತು. ಆಮೇಲೆ ಅಧ್ಯಕ್ಷರಾದವರು ಮೈಸೂರಿನ ಕೃಷ್ಣಪ್ರಸಾದ. ಎರಡನೆಯ ವಾರವೇ ಅವರು ಗಣಪಯ್ಯನನ್ನು ಸ್ಟುಡಿಯೋದ ಮೆಟ್ಟಿಲ ಬಳಿ ನಿಲ್ಲಿಸಿಕೊಂಡು, ನಿಮ್ಮ ದನಿ ಚೆನ್ನಾಗಿದೆ, ಆದರೆ ಈ 'ಎಂತ', 'ಮಾರ್ರೆ' ಎಲ್ಲ ಬೇಡ, ರೇಡಿಯೋ ಕನ್ನಡ ಅಂತ ಒಂದಿದೆ ಎಂದರು. ಮಾತು ಜೋರಾಗಿತ್ತೋ ಏನೋ, ಒಳಗೆ ಕಾಯುತ್ತಿದ್ದ ತಮಿಳು ಹುಡುಗಿ ಕೂಡ ಮುಖ ಎತ್ತಿ ನೋಡಿದಳು. ಅಂದಿನಿಂದ ಗಣಪಯ್ಯ ಕನ್ನಡಿಯ ಮುಂದೆ ನಿಂತು ರೇಡಿಯೋ ಕನ್ನಡ ಕಲಿತ. ಕಲಿತದ್ದಷ್ಟೇ ಅಲ್ಲ, ಅದರ ಕಾವಲಿಗೇ ನಿಂತ. ಫೋನು ಮಾಡುವ ಕೇಳುಗರ ಕನ್ನಡವನ್ನು ನಗುನಗುತ್ತ ತಿದ್ದುವುದು ಅವನ ಶೈಲಿಯೆಂದೇ ಹೆಸರಾಯಿತು. ಇದನ್ನೆಲ್ಲ ಬರೆದರೆ ಪಾಸಿಟಿವ್ ಆಗುವುದಿಲ್ಲ.

೨೦೧೧. ಆ ವರ್ಷ ಸಂಕ್ರಾಂತಿಗೆ ಎಳ್ಳುಬೆಲ್ಲದ ವಿಶೇಷ ಕಾರ್ಯಕ್ರಮ ಮಾಡಿದ್ದರು, ಬರೆಯಬಹುದು. ಫೆಬ್ರವರಿಯ ಎರಡನೆಯ ಭಾನುವಾರದ್ದು ಮಾತ್ರ ಬರೆಯುವ ಹಾಗಿಲ್ಲ. ಕಾರ್ಯಕ್ರಮ ಮುಗಿಯುವ ಹನ್ನೊಂದಕ್ಕೆ ಇನ್ನು ಮೂರು ನಿಮಿಷ ಇತ್ತು. ಕೊನೆಯ ಕರೆ ಕ್ರೋಯ್ಡನ್ನಿನ ನಾಗವ್ವನದು, ದಾನಪ್ಪನ ಹೆಂಡತಿ. ತಿಂಗಳಿಗೊಮ್ಮೆ ಫೋನು ಮಾಡಿ ಒಂದು ಹಾಡು ಕೇಳುತ್ತಿದ್ದಳು. ಅವತ್ತು ಗಂಡನಿಗೆ ಇಷ್ಟವಾದ ತತ್ವಪದ ಬೇಕೆಂದಳು. ಯಾಕೆ, ಯಜಮಾನರು ಹೇಗಿದ್ದಾರೆ ಎಂದು ಇವನು ಕೇಳಿದ, ಮಾತಿಗೊಂದು ಮಾತು ಎಂದು. ಅವಳು ಹೇಳಿದಳು: "ನಮ್ಮನ್ಯಾಗ ಇವ್ರಿಗೆ ಆರಾಮಿಲ್ರೀ. ಮೂರು ವಾರಾತು."

ಗಣಪಯ್ಯನ ಊರಲ್ಲಿ ಆರಾಮವೆಂದರೆ ಬಿಡುವು. ಕಾಲು ಚಾಚುವ ಕುರ್ಚಿ. ಕಾಯಿಲೆ ಬಿದ್ದವರಿಗೆ ಹುಷಾರಿಲ್ಲ ಎನ್ನುತ್ತಾರೆ, ಸೌಖ್ಯವಿಲ್ಲ ಎನ್ನುತ್ತಾರೆ. ಅವನಿಗೆ ತಮಾಷೆಯೆನಿಸಿತು. ಮೈಕಿನ ಹತ್ತಿರಕ್ಕೆ ಬಾಗಿ, ತಿದ್ದಿ ತೀಡಿದ ದನಿಯಲ್ಲಿ, ಆರಾಮ ಯಾರಿಗಿದೆ ನಾಗವ್ವನವರೇ, ಲಂಡನ್ನಿಗೆ ಬಂದಮೇಲೆ ಆರಾಮ ಎನ್ನುವುದು ಉಂಟೇ, ನಾಳೆ ಕೆಲಸಕ್ಕೆ ಒಂದು ರಜೆ ಹಾಕಿ ಗಡದ್ದಾಗಿ ಮಲಗಲು ಹೇಳಿ ನಿಮ್ಮ ಯಜಮಾನರಿಗೆ ಎಂದ. ತತ್ವಪದ ಭಾನುವಾರಕ್ಕೆ ಭಾರವಾಯಿತು, ಸ್ವಲ್ಪ ಕುಣಿಸೋಣ ಅವರನ್ನು ಎಂದು ನಕ್ಕು, ಹೆಡ್‌ಫೋನು ಕಳಚಿ ಪಕ್ಕಕ್ಕಿಟ್ಟು, ಒಂದು ಸಿನಿಮಾ ಹಾಡನ್ನು ಹುಡುಕಿ ಹಚ್ಚಿಬಿಟ್ಟ. ದಾನಪ್ಪ ತೀರಿಕೊಂಡದ್ದು ಅದಾದ ಒಂಬತ್ತನೆಯ ದಿನ. ಸ್ಮಶಾನದ ಪ್ರಾರ್ಥನೆಯ ಕೋಣೆಯ ಹೊರಗೆ, ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ ಧಾರವಾಡದ ಮುದುಕರೊಬ್ಬರು, ಆರಾಮಿಲ್ಲ ಅಂತ ನಿಮ್ಮ ರೇಡಿಯೋದಾಗ ಹೇಳಿದ್ದಳಲ್ಲ ಪಾಪ, ಅವತ್ತs ನಮಗ ಗೊತ್ತಾತು ಎಂದರು. ಗಣಪಯ್ಯ ಹೂಂ ಎಂದ. ಆ ಪದದ ಅರ್ಥ ಅವನಿಗೆ ತಿಳಿದದ್ದು ಅಲ್ಲಿ, ಒದ್ದೆ ಕೋಟುಗಳ ವಾಸನೆಯ ನಡುವೆ. ಅಥವಾ ಅಲ್ಲಿ ತಿಳಿಯಿತು ಎಂದು ಅವನು ನಂಬಿಕೊಂಡಿದ್ದಾನೆ. ಏಳು ವರ್ಷ ಆ ಜನರ ಜೊತೆ ಓಡಾಡಿ, ಅವರ ಮನೆಯಲ್ಲಿ ಉಂಡು, ಆ ಒಂದು ಮಾತು ಕಿವಿಗೆ ಬಿದ್ದಿರಲಿಲ್ಲವೆ? ಮೂರು ವಾರ ಎಂದಳಲ್ಲ, ಮೂರು ವಾರದಿಂದ ಬಿಡುವಿಲ್ಲ ಎಂದು ಯಾರಾದರೂ ಹೇಳುತ್ತಾರೆಯೆ? ತಿಳಿಯದೆ ನಕ್ಕನೋ, ಮೂರು ನಿಮಿಷದಲ್ಲಿ ಒಂದು ತಮಾಷೆ ಸಿಕ್ಕಿತೆಂದು ತಿಳಿಯುವುದನ್ನು ಮುಂದೂಡಿ ನಕ್ಕನೋ. ಇದನ್ನು ಯಾರನ್ನು ಕೇಳುವುದು.

ಪ್ರಸಾರವಾದದ್ದನ್ನೆಲ್ಲ ನಲವತ್ತೆರಡು ದಿನ ಕಾಪಿಡಬೇಕು ಎಂಬುದು ಇಲ್ಲಿನ ನಿಯಮ. ಯಾರಾದರೂ ದೂರು ಕೊಟ್ಟರೆ ಬೇಕಾಗುತ್ತದೆ. ಆಮೇಲೆ ಅದೇ ಮಿನಿಡಿಸ್ಕನ್ನು, ಅಂಗೈಯಗಲ ಕೂಡ ಇಲ್ಲದ ಆ ಪ್ಲಾಸ್ಟಿಕ್ ಬಿಲ್ಲೆಯನ್ನು, ಅಳಿಸಿ ಮತ್ತೆ ಬಳಸುತ್ತಿದ್ದರು. ಶವಸಂಸ್ಕಾರದ ಮರುವಾರ ಗಣಪಯ್ಯ ಆ ಭಾನುವಾರದ ಡಿಸ್ಕನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ತಂದ. ಬೇರೆ ಯಾರೂ ಕೇಳಬಾರದು ಎಂದು. ಏಪ್ರಿಲ್ಲಿನಲ್ಲಿ ನಾಗವ್ವನ ಮಗಳು ಸೌಜನ್ಯಾ, ಆಗ ಯೂನಿವರ್ಸಿಟಿಯಲ್ಲಿದ್ದವಳು, ಇಂಗ್ಲಿಷಿನಲ್ಲಿ ತುಂಬ ವಿನಯವಾಗಿ ಇಮೇಲ್ ಬರೆದಳು: ಅಮ್ಮನಿಗೆ ಆ ದಿನದ ಫೋನಿನ ರೆಕಾರ್ಡಿಂಗ್ ಬೇಕಂತೆ, ಸಿಗಬಹುದೆ? ಗಣಪಯ್ಯ ಅದನ್ನು ಎರಡು ಸಲ ಓದಿದ. ಯಾಕೆ ಬೇಕು? ದೂರು ಕೊಡಲಿಕ್ಕೆ. ಇನ್ನೇನಿರುತ್ತದೆ. ಅವನೂ ಇಂಗ್ಲಿಷಿನಲ್ಲಿ, ಅಷ್ಟೇ ವಿನಯವಾಗಿ, ನಿಯಮದ ಪ್ರಕಾರ ನಲವತ್ತೆರಡು ದಿನ ಮುಗಿದದ್ದರಿಂದ ಅಳಿಸಲಾಗಿದೆ, ವಿಷಾದವಿದೆ ಎಂದು ಉತ್ತರಿಸಿದ. ಡಿಸ್ಕು ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ, ಹಳೆಯ ಬೀಗದ ಕೈ, ಪಾಸ್‌ಪೋರ್ಟ್ ಫೋಟೋಗಳ ಕೆಳಗೆ ಕೂತಿತ್ತು. ಹದಿಮೂರು ವರ್ಷದಲ್ಲಿ ಎರಡು ಸಲ ಹಾಕಿ ಕೇಳಿದ್ದಾನೆ. ಎರಡು ಸಲವೂ ತನ್ನ ನಗು ಶುರುವಾಗುತ್ತಿದ್ದ ಹಾಗೇ ಆರಿಸಿದ್ದಾನೆ. ಮುರಿದು ಬಿಸಾಡಲು ಮಾತ್ರ ಕೈ ಬಂದಿರಲಿಲ್ಲ.

ಈಗ ಸೌಜನ್ಯಾ ಮತ್ತೆ ಫೋನು ಮಾಡಿದ್ದಳು, ಕಳೆದ ಗುರುವಾರ. ರೆಕಾರ್ಡಿಂಗುಗಳನ್ನು ಲೈಬ್ರರಿಗೆ ಕೊಡುತ್ತಿರುವ ಸುದ್ದಿಯನ್ನು ಕೂಟದ ಗುಂಪಿನಲ್ಲಿ ನೋಡಿದಳಂತೆ. ಯಾವುದಾದರೂ ರಾಜ್ಯೋತ್ಸವದ್ದೋ, ಸಂಕ್ರಾಂತಿಯದೋ, ಗದ್ದಲದ ಹಿಂದೆಲ್ಲಾದರೂ ಅಪ್ಪನ ದನಿ ಬಿದ್ದಿರಬಹುದೆ ಎಂದು ಕೇಳಿದಳು. ಅಪ್ಪ ಮೈಕಿನ ಮುಂದೆ ಬಂದವರಲ್ಲ, ನನಗೆ ಗೊತ್ತು. ಆದರೆ ಅಪ್ಪನ ದನಿ ಮರೆತುಹೋಗುತ್ತಿದೆ ಎಂದು ಅಮ್ಮ ಈಚೆಗೆ ತಾನಾಗಿಯೇ ಅಂದುಬಿಟ್ಟಳು ಎಂದಳು. ಹುಡುಕುತ್ತೇನೆ ಎಂದು ಗಣಪಯ್ಯ ಫೋನಿಟ್ಟಿದ್ದ. ಪೆಟ್ಟಿಗೆಯಲ್ಲಿ, ವಿಶೇಷ ಕಾರ್ಯಕ್ರಮಗಳದ್ದೆಂದು ಅಳಿಸದೆ ಉಳಿಸಿದ್ದ ನೂರಾ ಎಂಬತ್ತು ಡಿಸ್ಕುಗಳಿದ್ದವು. ದಾನಪ್ಪ ಅದರಲ್ಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಡಬ್ಬಿಯಲ್ಲಿದ್ದುದನ್ನು ಪೆಟ್ಟಿಗೆಗೆ ಸೇರಿಸಿದರೆ ನಾಳೆ ಲೈಬ್ರರಿಯ ಕಂಪ್ಯೂಟರಿನಲ್ಲಿ ಲೋಕವೆಲ್ಲ ಅವನ ನಗು ಕೇಳುತ್ತದೆ. ಸೇರಿಸದಿದ್ದರೆ ಈ ಐದು ಪುಟದ ಒಮ್ಮನಸ್ಸು ಸುಳ್ಳಾಗಿಯೇ ಲೈಬ್ರರಿ ಸೇರುತ್ತದೆ. ಎರಡೂ ಆಗದು ಎಂದು ಮೂರು ದಿನದಿಂದ ಹೆಂಡತಿಯ ಮೇಲೆ, ಮಿಕ್ಸಿಯ ಸದ್ದಿನ ಮೇಲೆ, ಪಕ್ಕದ ಮನೆಯವರ ರೀಸೈಕ್ಲಿಂಗ್ ಡಬ್ಬದ ಮೇಲೆ ಹರಿಹಾಯುತ್ತಿದ್ದ.

ಪುಷ್ಪಾವತಿ ಲೋಟ ಎತ್ತಿಕೊಳ್ಳಲು ಬಂದವಳು ಲ್ಯಾಪ್‌ಟಾಪಿನ ಪರದೆ ನೋಡಿದಳು, ಗಂಡನ ಮುಖ ನೋಡಿದಳು. ಒಳಗೆ ಹೋಗಿ ಶಾರ್ಟ್‌ಬ್ರೆಡ್ ಡಬ್ಬಿಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. "ಇದ್ರೊಳ್ಗ್ ಎಂತ ಇತ್ತ್ ಅಂದೇಳಿ ನಂಗ್ ಗೊತ್ತಿಲ್ಯಾ? ಹದ್ಮೂರ್ ವರ್ಷ ನಿಮ್ ಈ ಮುಖ ಕಂಡ್ ಕಂಡ್ ಸಾಕಾಯ್ತ್ ನಂಗೆ. ಇವತ್ತಾರೂ ತಕಂಡ್ ಹೋಯಿ ಆ ಹೆಂಗ್ಸಿಗ್ ಕೊಟ್ ಬನ್ನಿ." ಅವಳಿಗೆ ಯಾವಾಗಿನಿಂದ ಗೊತ್ತು ಎಂದು ಕೇಳಬೇಕೆನಿಸಿತು. ಬದಲಿಗೆ ಮೀಟಿಂಗಿದೆ ಎಂದ. ಅವಳು ಲೋಟ ತೊಳೆಯುವ ನಲ್ಲಿಯನ್ನು ಜೋರಾಗಿ ಬಿಟ್ಟಳು.

ಕಿಂಗ್ಸ್‌ಬರಿಗೆ ಹೊರಟವನಂತೆಯೇ ಮನೆ ಬಿಟ್ಟ. ಕೈಚೀಲದಲ್ಲಿ ಡಬ್ಬಿಯಿಂದ ತೆಗೆದ ಡಿಸ್ಕು, ಹಳೆಯ ಮಿನಿಡಿಸ್ಕ್ ಯಂತ್ರ, ಒಂದು ಪುಟ್ಟ ಸ್ಪೀಕರು, ಹೊಸ ಬ್ಯಾಟರಿ. ಭಾನುವಾರವಾದ್ದರಿಂದ ರೇನರ್ಸ್ ಲೇನ್ ಸ್ಟೇಷನ್ನಿನಲ್ಲಿ ಒಂದು ಲೈನು ದುರಸ್ತಿಗೆ ಮುಚ್ಚಿತ್ತು. ತೆರೆದಿದ್ದ ಇನ್ನೊಂದು ಲೈನಿನ ಟ್ಯೂಬು ತೆವಳುತ್ತ ಬಂದು, ಎರಡು ಸ್ಟೇಷನ್ನಿಗೊಮ್ಮೆ ಕಾರಣವಿಲ್ಲದೆ ನಿಂತು, ನಿಂತಾಗಲೆಲ್ಲ ಕ್ಷಮೆ ಕೇಳಿತು. ಆ ಕ್ಷಮೆಯ ದನಿ ಎಷ್ಟು ಸಲೀಸಾಗಿತ್ತೆಂದರೆ ಗಣಪಯ್ಯನಿಗೆ ಕೋಪವೇ ಬಂತು. ರೆಕಾರ್ಡು ಮಾಡಿಟ್ಟ ಕ್ಷಮೆ. ಕೇಳಿದವನೂ ಇಲ್ಲ, ಕೇಳಿಸಿಕೊಂಡವನೂ ಇಲ್ಲ. ವಿಕ್ಟೋರಿಯಾದಲ್ಲಿ ಕ್ರೋಯ್ಡನ್ನಿನ ರೈಲು ಹತ್ತುವಾಗ ಶ್ರೀವಿದ್ಯಾ ಮತ್ತೆ ಬರೆದಳು: ಅಂಕಲ್, ಎಲ್ಲಿದ್ದೀರಾ, ಎಲ್ಲರೂ ಬಂದಿದ್ದಾರೆ. ಉತ್ತರ ಕೊಡದೆ, ಅಮ್ಮ ಮನೆಯಲ್ಲಿದ್ದಾರಾ ಎಂದು ಸೌಜನ್ಯಾಳಿಗೆ ಬರೆದ. ಇದ್ದಾಳೆ, ಯಾಕೆ, ಏನಾದರೂ ಸಿಕ್ಕಿತಾ ಎಂದು ತಕ್ಷಣವೇ ಉತ್ತರ ಬಂತು. ಆ ಅವಸರವನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ಸು ಹೋಗಿಬಿಡಬಹುದಾಗಿತ್ತು. ಬಾಗಿಲು ತೆರೆದು ಮುಚ್ಚುವುದನ್ನೇ ನೋಡುತ್ತ ಕೂತ. ಹೇಳಬೇಕಾದ ಮಾತನ್ನು ರೇಡಿಯೋ ಕನ್ನಡದಲ್ಲಿ ಜೋಡಿಸಿಕೊಳ್ಳಲು ನೋಡಿದ: ಅಂದು ನನ್ನಿಂದ ಅಚಾತುರ್ಯವಾಯಿತು. ಥೂ, ಅಚಾತುರ್ಯವಂತೆ.

ಕ್ರೋಯ್ಡನ್ನಿನಲ್ಲಿ ಟ್ರಾಮು ದಾಟುವಾಗ ಒಬ್ಬ ಚಾಲಕ ಗಂಟೆ ಬಾರಿಸಿ ಬೈದ. ನಾಗವ್ವನ ಫ್ಲಾಟು ಆರನೆಯ ಮಹಡಿಯಲ್ಲಿ, ಆಫೀಸು ಕಟ್ಟಡಗಳ ಹಿಂದೆ. ಲಿಫ್ಟಿನೊಳಗಿನ ಹೆಣ್ಣುದನಿ ಪ್ರತಿ ಮಹಡಿಗೂ ನೆಲಮಹಡಿ, ನೆಲಮಹಡಿ ಎಂದೇ ಹೇಳುತ್ತಿತ್ತು, ಯಾರೂ ಸರಿಮಾಡಿಸಿರಲಿಲ್ಲ. ಬಾಗಿಲು ತೆರೆದ ನಾಗವ್ವ ಅವನನ್ನು ಕಂಡು ಆಶ್ಚರ್ಯಪಡಲಿಲ್ಲ; ಮಗಳು ಫೋನು ಮಾಡಿರಬೇಕು. ಕೈಗೆ ಜೋಳದ ಹಿಟ್ಟು ಹತ್ತಿತ್ತು. ಕ್ರೋಯ್ಡನ್ನಿನ ಸುತ್ತಮುತ್ತಲ ಹತ್ತಿಪ್ಪತ್ತು ಮನೆಗಳಿಗೆ ಈಗಲೂ ಅವಳೇ ರೊಟ್ಟಿ ಬಡಿದು ಕೊಡುತ್ತಾಳೆಂದು ಕೇಳಿದ್ದ. ಬರ್ರಿ, ಕುಂದರ್ರಿ ಎಂದು ಸೋಫಾದ ಮೇಲಿನ ಬಟ್ಟೆ ತೆಗೆದಳು. ಚಹಾ ಬೇಡವೆಂದ, ಅವಳು ಕೇಳದೆ ಇಟ್ಟಳು. ಗೋಡೆಯ ಮೇಲೆ ದಾನಪ್ಪ, ಬಸ್ ಡಿಪೋದ ಸಮವಸ್ತ್ರದಲ್ಲಿ. ಆ ಮುಖ ಮೀಟಿಂಗಿನ ನಗುವ ಸಾಲಿನಲ್ಲಿ ಇರಲಿಲ್ಲ ಎಂದು ಗಣಪಯ್ಯನಿಗೆ ಆ ಕ್ಷಣ ಖಚಿತವಾಯಿತು. ರೈಲಿನಲ್ಲಿ ಜೋಡಿಸಿದ್ದ ವಾಕ್ಯಗಳನ್ನು ಬಿಟ್ಟ. ಒಂದು ರೆಕಾರ್ಡಿಂಗ್ ಇದೆ, ಅದರಲ್ಲಿ ನಿಮ್ಮ ದನಿ ಇದೆ, ನನ್ನದೂ ಇದೆ, ಕೇಳಿದ ಮೇಲೆ ನೀವು ಏನು ಬೇಕಾದರೂ ಬೈಯಿರಿ ಎಂದಷ್ಟೇ ಹೇಳಿ, ಯಂತ್ರವನ್ನು ಟೀಪಾಯಿಯ ಮೇಲಿಟ್ಟು ಗುಂಡಿ ಒತ್ತಿದ.

ಹದಿಮೂರು ವರ್ಷ ಕಿರಿಯಳಾದ ನಾಗವ್ವ ಇವರಿಗೆ ಆರಾಮಿಲ್ಲ ಎಂದಳು. ಗಣಪಯ್ಯನ ತಿದ್ದಿ ತೀಡಿದ ದನಿ ಬಂತು, ಲಂಡನ್ನಿಗೆ ಬಂದಮೇಲೆ ಆರಾಮ ಉಂಟೇ ಎಂದಿತು, ರಜೆ ಹಾಕಲು ಹೇಳಿತು, ಕುಣಿಸೋಣ ಎಂದಿತು, ನಕ್ಕಿತು. ಅವನ ಬೆರಳು ತಾನಾಗಿಯೇ ಗುಂಡಿಯ ಕಡೆ ಹೋಯಿತು. ನಾಗವ್ವ ಹಿಟ್ಟಿನ ಕೈಯಿಂದಲೇ ಆ ಕೈಯನ್ನು ತಡೆದಳು. ಅವನ ನಗುವಿನ ಬಾಲದ ಕೆಳಗೆ, ಫೋನಿನಾಚೆ, ಅವಳಿಂದಲೂ ಆಚೆ, ರೇಡಿಯೋ ಹಚ್ಚಿದ್ದ ಕೋಣೆಯ ಆ ತುದಿಯಿಂದ ಒಂದು ಗಂಡುದನಿ ಕೇಳಿಸಿತು. "ಖರೇ ಹೇಳ್ತಾನ ನೋಡ ಇಂವಾ. ರಜಾ ಹಾಕ್ಬೇಕಂತ." ಆಮೇಲೆ ಆ ಮನುಷ್ಯ ನಕ್ಕ. ಸಣ್ಣ ನಗೆಯಲ್ಲ, ಹೊಟ್ಟೆಯಿಂದ ಬಂದು, ಕೆಮ್ಮಾಗಿ, ಕೆಮ್ಮಿನ ನಡುವೆಯೂ ಮುಂದುವರಿದ ನಗೆ. "ಏ, ಫೋನ್ ಇಡು, ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ" ಎಂದ. ಅಷ್ಟರಲ್ಲಿ ಸಿನಿಮಾ ಹಾಡು ಧಬಧಬ ಬಡಿಯುತ್ತ ಬಂದು ಎಲ್ಲವನ್ನೂ ಮುಚ್ಚಿತು.

ಗಣಪಯ್ಯ ಹಾಡನ್ನು ನಿಲ್ಲಿಸಿದ. ಹೆಡ್‌ಫೋನು ಕಳಚಿಟ್ಟು ಹಾಡು ಹುಡುಕುತ್ತಿದ್ದ ಆ ಹತ್ತು ಸೆಕೆಂಡು ಅವನಿಗೆ ಗೊತ್ತೇ ಇರಲಿಲ್ಲ. ನಾಗವ್ವ ಸ್ಪೀಕರನ್ನೇ ನೋಡುತ್ತಿದ್ದಳು. ರೊಟ್ಟಿ ಹೊತ್ತಿದ್ದು ನನಗ ಮರ್ತs ಹೋಗಿತ್ತು ಎಂದಳು, ಅವನಿಗಲ್ಲ. ಚಹಾ ಉಕ್ಕಿತು; ಎದ್ದು ಹೋಗಿ ಒಲೆ ಆರಿಸಿ ಬಂದು ನಿಂತಳು. ಆಗ ಅವಳ ಮುಖ ಬೇರೆಯಾಗಿತ್ತು.

"ಇಷ್ಟು ದಿನ ಎಲ್ಲಿತ್ರೀ ಇದು?"

"ನನ್ ಹತ್ರವೇ ಇದ್ದಿತ್ತ್" ಎಂದ ಗಣಪಯ್ಯ. ಇಪ್ಪತ್ತು ವರ್ಷ ತಿಕ್ಕಿ ತೊಳೆದಿದ್ದ ಕುಂದಾಪುರದ ಕನ್ನಡ ಸೀದಾ ಬಾಯಿಗೆ ಬಂದಿತ್ತು.

ಅಳಿಸೇವಿ ಅಂದಿದ್ರಲ್ಲ ಎಂದು ಅವಳು ಕೇಳಿದಳು. ಅವನು ಹೇಳಲು ಶುರುಮಾಡಿದ. ಆ ಪದದ ಅರ್ಥ ತಿಳಿಯದೆ ಹೋದದ್ದು, ಸ್ಮಶಾನದಲ್ಲಿ ತಿಳಿದದ್ದು, ಇಮೇಲ್ ಬಂದಾಗ ದೂರಿಗೆ ಹೆದರಿದ್ದು, ತನ್ನ ಆ ನಗುವನ್ನು ಅವಳು ಇನ್ನೊಮ್ಮೆ ಕೇಳಬಾರದೆಂದು ಬಚ್ಚಿಟ್ಟದ್ದು. ಕೊನೆಯದನ್ನು ಹೇಳುವಾಗ, ಹದಿಮೂರು ವರ್ಷ ತಾನು ಇದನ್ನು ಅವಳ ಮೇಲಿನ ದಯೆಯೆಂದೇ ತಿಳಿದಿದ್ದೆನೆಂದು ಅವನಿಗೇ ಹೊಳೆಯಿತು.

"ನಿಮ್ಮ ಮಾತಿಗೆ ನಾ ಯಾಕ ಸಿಟ್ಟಾಗ್ಲಿ?" ಎಂದಳು ನಾಗವ್ವ. ದನಿ ಎತ್ತರಿಸಲಿಲ್ಲ. "ಮೂರು ವಾರದಾಗ ಅವ್ರು ನಕ್ಕಿದ್ದು ಅದೊಂದ ಸರ್ತಿ. ಆ ನಗಿ ಸಲುವಾಗೇ ಹುಡುಗಿ ಕಡಿಂದ ಕೇಳ್ಸಿದ್ದೆ. ನೀವು ಇಲ್ಲ ಅಂದ್ರಿ. ಅದನ್ನ ನೆನಪಿನ್ಯಾಗ ತೇದು ತೇದು, ಈಗ ಅದು ಅವ್ರದೋ, ನಾನs ಕಟ್ಟಿಕೊಂಡದ್ದೋ ತಿಳೀದಂಗಾಗಿತ್ತು ನನಗ."

ಬೈಗುಳಕ್ಕೆ ಅವನು ತಯಾರಾಗಿ ಬಂದಿದ್ದ. ಯಾವುದಕ್ಕೆ ಹದಿಮೂರು ವರ್ಷ ಬೆಂದಿದ್ದನೋ ಆ ತಪ್ಪನ್ನು ಅವಳು ನೊಣ ಓಡಿಸುವಂತೆ ಓಡಿಸಿಬಿಟ್ಟಿದ್ದಳು, ಯಾವುದನ್ನು ತಪ್ಪೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲವೋ ಅದನ್ನು ಎದುರಿಗಿಟ್ಟಿದ್ದಳು. ಜೇಬಿನಲ್ಲಿ ಫೋನು ಗುರ್ರೆಂದು ಸುಮ್ಮನಾಯಿತು. ಡಿಸ್ಕು, ಯಂತ್ರ, ಸ್ಪೀಕರು ಎಲ್ಲ ಇಲ್ಲೇ ಇರಲಿ, ನಿಮ್ಮದೇ, ಲೈಬ್ರರಿಗೆ ಕೊಡುವುದೂ ಬಿಡುವುದೂ ನಿಮಗೆ ಸೇರಿದ್ದು ಎಂದು ಹೇಳಿ ಏಳಲು ನೋಡಿದ.

ನನಗ ಹಚ್ಚಾಕ ಬರೂದಿಲ್ಲ, ನೀವs ಹಚ್ರಿ ಎಂದಳು ನಾಗವ್ವ. ಮತ್ತೆ ಕೂತ. ಮುಂದೆ ಓಡಿಸುವ ಗುಂಡಿ ಕೆಟ್ಟಿದ್ದ ಆ ಹಳೆಯ ಯಂತ್ರಕ್ಕೆ ನಡುವೆ ಶುರುಮಾಡಲು ಬರುತ್ತಿರಲಿಲ್ಲ. ಅವನೇ ಗುರುತು ಹಾಕಿಟ್ಟಿದ್ದ ಕಡೆಗೆ, ಕರೆಯ ಆರಂಭಕ್ಕೇ ಹೋಗಿ ನಿಲ್ಲುತ್ತಿತ್ತು. ದಾನಪ್ಪನ ನಗು ಬೇಕೆಂದರೆ ಮೊದಲು ಗಣಪಯ್ಯನ ನಗು ಕೇಳಲೇಬೇಕು. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಅವಳು ಸ್ಪೀಕರಿಗೆ ಕಿವಿ ಕೊಟ್ಟು, ರೊಟ್ಟಿಯ ಮಾತು ಬರುವ ಹೊತ್ತಿಗೆ ತುಟಿಯಲ್ಲೇ ಅದನ್ನು ಹೇಳಿಕೊಂಡಳು. ನಾಲ್ಕನೆಯ ಸಲ ಗುಂಡಿ ಒತ್ತುವ ಮೊದಲು ಅವನು ಕೊರಳಪಟ್ಟಿ ಸಡಿಲಿಸಿಕೊಂಡ. ಹಣೆಯ ಮೇಲೆ ಬೆವರಿತ್ತು. ನಾಗವ್ವ ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದಳು.

"ಯಾಕ್ರೀ, ಆರಾಮಿಲ್ಲೇನು ನಿಮಗ?"

"ಇಲ್ಲ" ಎಂದ ಗಣಪಯ್ಯ.

ಅವಳು ತಲೆಯಾಡಿಸಿದಳು. ಎದ್ದು ಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು, ಅವನು ಕುಡಿದು ಮುಗಿಸುವವರೆಗೆ ಕಾದಳು.

"ಇನ್ನೊಮ್ಮೆ ಹಚ್ರಿ" ಎಂದಳು.